ಆಲ್ಗ್ರೆನ್ ಮನೆಯ ಊಟ ಮುಗಿಯುವವರೆಗೆ

ಗುನ್ವೋರ್ ನಮ್ಮ ಬಡಾವಣೆಗೆ ಬಂದ ಮೊದಲ ವಾರವೇ ಒಂದು ದೊಡ್ಡ ಅಪರಾಧ ಮಾಡಿದಳು. ಎದುರುಮನೆಯ ಮಗುವಿಗೆ ಊಟ ಹಾಕಿಬಿಟ್ಟಳು.

ಪಾಪ, ಅವಳಿಗೆ ಗೊತ್ತಿರಲಿಲ್ಲ. ಅವಳು ಉತ್ತರದ ಕಾಡುಸೀಮೆಯವಳು. ಅಲ್ಲಿ ಮನೆಯಿಂದ ಮನೆಗೆ ಅರ್ಧ ದಿನದ ದಾರಿ. ಬಾಗಿಲು ತಟ್ಟಿದವನಿಗೆ ಕಾಫಿ, ರೊಟ್ಟಿ, ಮೀನು ಕೊಡದೆ ಕಳಿಸಿದರೆ ಅವನು ಹಿಮದಲ್ಲಿ ಬಿದ್ದು ಸಾಯುತ್ತಾನೆ. ಓರೆಬ್ರೂ ಊರಿನ ಅಂಚಿನಲ್ಲಿರುವ ನಮ್ಮ ಸಾಲುಮನೆಗಳಲ್ಲಿ ಆ ಭಯವಿಲ್ಲ. ಇಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಬ್ಬರು ಸೀನಿದರೆ ಪಕ್ಕದವರಿಗೆ ಕೇಳುತ್ತದೆ. ಕೇಳಿಸಲೇ ಇಲ್ಲ ಅನ್ನುವ ಹಾಗೆ ಇರುವುದನ್ನು ನಾವು ಮರ್ಯಾದೆ ಎನ್ನುತ್ತೇವೆ.

ಎದುರುಮನೆಯಲ್ಲಿದ್ದವರು ಆಲ್ಗ್ರೆನ್ ಸಂಸಾರ. ಟೋರ್ಸ್ಟೆನ್ ಆಲ್ಗ್ರೆನ್ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷ, ಇಂಗಾ ಅವನ ಹೆಂಡತಿ. ಅವರ ಮಗಳು ಯೆನ್ನಿಗೂ ಗುನ್ವೋರಳ ಮಗಳು ಪೆತ್ರಾಗೂ ಆಗ ಐದು ವರ್ಷ. ನೋಡಿದ ಗಳಿಗೆಯಲ್ಲೇ ಗೆಳೆತನವಾಯಿತು. ಆಡುತ್ತಾ ಆಡುತ್ತಾ ಊಟದ ಹೊತ್ತಾದಾಗ ಗುನ್ವೋರ್ ಎರಡು ತಟ್ಟೆ ಇಟ್ಟು ಇಬ್ಬರಿಗೂ ಮಾಂಸದುಂಡೆ, ಆಲೂಗೆಡ್ಡೆ ಬಡಿಸಿದಳು. ಯೆನ್ನಿ ಮನೆಗೆ ಹೋದ ಸ್ವಲ್ಪ ಹೊತ್ತಿಗೆ ಇಂಗಾ ಬಂದಳು. ಪಕ್ಕದ ಮನೆಯವಳಾದ ನಾನು ಪರಿಚಯ ಮಾಡಿಕೊಳ್ಳಲು ಬಂದು ಅಲ್ಲೇ ಅಡುಗೆಮನೆಯಲ್ಲಿ ಕೂತಿದ್ದೆ.

"ಯೆನ್ನಿ ಮನೇಲಿ ಊಟ ಬೇಡ ಅಂತಿದಾಳೆ," ಎಂದಳು ಇಂಗಾ. ನಗು ಇತ್ತು, ಆದರೆ ಹಲ್ಲಿನವರೆಗೆ ಮಾತ್ರ.

"ಎಲ್ಲಿ ಬೇಕಾಗುತ್ತೆ? ಇಲ್ಲೇ ಉಂಡಳಲ್ಲ. ತಟ್ಟೆ ನೆಕ್ಕಿಬಿಟ್ಳು ನಿನ್ ಮಗಳು!" ಎಂದಳು ಗುನ್ವೋರ್ ಹೆಮ್ಮೆಯಿಂದ.

"ನಾನು ಅಡುಗೆ ಮಾಡಿಟ್ಟಿದ್ದೆ, ಗುನ್ವೋರ್."

"ಅದಕ್ಕೇನೀಗ? ನಾಳೆ ಬಿಸಿ ಮಾಡ್ಕೋ."

"ನನ್ನ ಮಗಳಿಗೆ ನನ್ನ ಮನೇಲಿ ಊಟಕ್ಕೆ ಗತಿ ಇಲ್ಲ ಅಂದ್ಕೊಂಡ್ಯಾ?"

ಇಂಗಾ ಹೋದ ಮೇಲೆ ಗುನ್ವೋರ್ ಸೌಟು ಹಿಡಿದುಕೊಂಡೇ ನಿಂತಿದ್ದಳು. ಅವಳಿಗೆ ಬುದ್ಧಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಹಾಗಾದ್ರೆ ನಾವು ಉಣ್ಣೋವಾಗ ಆ ಮಗು ಏನು ಮಾಡ್ಬೇಕು, ದಾಗ್ನಿ?"

"ಮನೆಗೆ ಹೋಗ್ಬೇಕು. ಇಲ್ಲಾ ರೂಮಲ್ಲಿ ಕಾಯ್ಬೇಕು."

"ಬಾಗಿಲು ಹಾಕ್ಕೊಂಡು?"

"ಹಾಕ್ಕೊಂಡೇ. ಇಲ್ದಿದ್ರೆ ಅಡುಗೆ ವಾಸನೆ ಅದರ ಮೂಗಿಗೆ ಹೋಗುತ್ತಲ್ಲ."

"ದೇವ್ರೇ! ನಮ್ಮ ಕಡೆ ನಾಯೀನೂ ಹಾಗೆ ಕೂಡಿ ಹಾಕಲ್ಲ."

"ನಾಯಿಗೆ ಇನ್ನೊಂದು ಮನೇಲಿ ಅಮ್ಮ ಅಡುಗೆ ಮಾಡಿಟ್ಕೊಂಡು ಕಾಯ್ತಿರಲ್ಲ ಕಣೇ," ಎಂದೆ. ಅದು ಬಹಳ ಜಾಣ ಮಾತು ಅಂತ ಆಗ ನನಗನಿಸಿತ್ತು.

ಗುನ್ವೋರ್ ಕಲಿತಳು. ಹೊಸದಾಗಿ ಮತಕ್ಕೆ ಸೇರಿದವರೇ ಹೆಚ್ಚು ಗಂಟೆ ಬಾರಿಸುವುದು. ಪೆತ್ರಾ ಯಾರದಾದರೂ ಮನೆಗೆ ಆಡಲು ಹೊರಟಾಗಲೆಲ್ಲ ಗೋಡೆಯಾಚೆಯಿಂದ ನನಗೆ ಪಾಠ ಕೇಳಿಸುತ್ತಿತ್ತು. "ಅವರು ಊಟ ಮಾಡೋವಾಗ ರೂಮಿಂದ ಈಚೆ ಬರಬಾರ್ದು. ಕರೆಯೋವರೆಗೂ ಬರಬಾರ್ದು. ಹಸಿವಾಯ್ತು ಅಂತ ಅನ್ನಲೇಬಾರ್ದು. ತಿಳೀತಾ ಪುಟ್ಟಿ?" ಮಗುವಿನ ಸಣ್ಣ ದನಿ "ಹೂಂ" ಅನ್ನುತ್ತಿತ್ತು.

ಇಷ್ಟು ಮಾಡಿದರೂ ಅವಳು ನಮ್ಮವಳಾಗಲಿಲ್ಲ. ಊರ ಬಸ್ಸು ಓಡಿಸುವ ಕೆಲಸ ಅವಳದು. ದೊಡ್ಡ ಕೈ, ದೊಡ್ಡ ದನಿ, ಬಸ್ಸಿಗೆ ಹತ್ತಿದವರಿಗೆಲ್ಲ ನಮಸ್ಕಾರ ಹೇಳುವ ಚಾಳಿ. ನಮ್ಮಲ್ಲಿ ಬಸ್ಸು ಹತ್ತುವವರು ಮಾತು ಬೇಕು ಅಂತ ಹತ್ತುವುದಿಲ್ಲ. ಆಮೇಲೆ ಅವಳ ಗಂಡ ರುನೆ ಜಾನಪದ ಕುಣಿತ ಕಲಿಸುವ ಒಬ್ಬಳ ಜೊತೆ ಗೋಥೆನ್‌ಬರ್ಗ್ ಪಟ್ಟಣಕ್ಕೆ ಹೋಗಿಬಿಟ್ಟ. ಆಗ ಒಂದು ದಿನ ಗುನ್ವೋರ್ ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಸ್ಟಿಯರಿಂಗಿಗೆ ಹಣೆ ಕೊಟ್ಟು ಗೊಳೋ ಎಂದು ಅತ್ತಳು. ಒಳಗಿದ್ದ ನಾಲ್ಕಾರು ಮಂದಿ ಕಿಟಕಿಯ ಕಡೆ ಮುಖ ಮಾಡಿಕೊಂಡು, ಅವಳು ಅತ್ತು ಮುಗಿಸಿ ಬಾಗಿಲು ತೆಗೆಯುವವರೆಗೆ ಸಭ್ಯರಾಗಿ ಕೂತಿದ್ದರು. ಏನಾಯಿತಮ್ಮ ಎಂದು ಒಬ್ಬರೂ ಕೇಳಲಿಲ್ಲ. ಅವರಲ್ಲಿ ಇಂಗಾ ಕೂಡ ಇದ್ದಳು. ಸಂಜೆಯೊಳಗೆ ಗುನ್ವೋರಳಿಗೆ ನರದ ತೊಂದರೆ ಅನ್ನುವುದು ಬಡಾವಣೆಗೆಲ್ಲ ಗೊತ್ತಾಯಿತು. ಡಾಕ್ಟರು ಕೆಲವು ವಾರ ರಜೆ ಬರೆದುಕೊಟ್ಟರು, ಅದೂ ಗೊತ್ತಾಯಿತು.

ಗೋಥೆನ್‌ಬರ್ಗಿನಲ್ಲಿ ಕುಣಿಯುತ್ತಿದ್ದ ರುನೆಗೂ ಗೊತ್ತಾಯಿತು. ಮಗಳು ತನಗೆ ಬೇಕು ಎಂದು ವಕೀಲನ ಕಡೆಯಿಂದ ಹೇಳಿಸಿದ. ಮಕ್ಕಳ ಯೋಗಕ್ಷೇಮ ನೋಡುವ ಮಂಡಳಿಯ ಹೆಂಗಸೊಬ್ಬಳು ಬಂದು, ಗುನ್ವೋರಳ ಮನೆಯ ಪರದೆ, ಪಾತ್ರೆ, ಮುಖ ಎಲ್ಲ ನೋಡಿ ಹೋದಳು. ಸದ್ಯಕ್ಕೆ ಮಗು ಇಲ್ಲೇ ಇರಲಿ, ಇನ್ನೊಂದು ದೂರು ಬಂದರೆ ಯೋಚಿಸುತ್ತೇವೆ ಎಂದಳಂತೆ. ಅಂದಿನಿಂದ ಗುನ್ವೋರ್ ಮೊಟ್ಟೆಯ ಮೇಲೆ ನಡೆಯುವವಳ ಹಾಗೆ ಬದುಕುತ್ತಿದ್ದಳು.

ಎಂಬತ್ತಮೂರರ ನವೆಂಬರಿನ ಒಂದು ಗುರುವಾರ ಅವಳು ಕೆಲಸ ಮುಗಿಸಿ ಬಂದಾಗ ಮನೆಯಲ್ಲಿ ಪೆತ್ರಾ ಇರಲಿಲ್ಲ. ಆಗ ಮಗುವಿಗೆ ಏಳು ವರ್ಷ. ಶಾಲೆ ಬಿಟ್ಟ ಮೇಲೆ ತಾನೇ ಬೀಗ ತೆಗೆದು ಒಳಗಿರುತ್ತಿದ್ದಳು. ಹೊರಗೆ ಆಗಲೇ ಕತ್ತಲೆ, ಮೇಲೆ ಹಿಮ ಬೆರೆತ ಮಳೆ. ಗುನ್ವೋರ್ ನೇರವಾಗಿ ಎದುರುಮನೆಗೆ ಓಡಿದಳು. ಇಂಗಾ ಬಾಗಿಲನ್ನು ಒಂದು ಗೇಣು ತೆಗೆದಳು, ಕೈಯಲ್ಲಿ ಊಟದ ನ್ಯಾಪ್ಕಿನ್, ಒಳಗಿಂದ ಬಟಾಣಿ ಸೂಪಿನ ಘಮ. ಗುರುವಾರ ತಾನೇ? ಇಡೀ ದೇಶವೇ ಬಟಾಣಿ ಸೂಪು ಕುಡಿದು ಪ್ಯಾನ್‌ಕೇಕ್ ತಿನ್ನುವ ಹೊತ್ತು.

"ಊಟಕ್ಕೆ ಕೂತಿದ್ದೀವಿ," ಎಂದಳು ಇಂಗಾ. ಬಾಗಿಲು ಮುಚ್ಚಿತು.

ಗುನ್ವೋರ್ ಉಳಿದ ಮನೆಗಳ ಬಾಗಿಲು ತಟ್ಟುತ್ತಾ ಹೋದಳು. ಕೊನೆಗೆ ನನ್ನ ಬಾಗಿಲಿಗೆ ಬಂದಾಗ ಅವಳ ತುಟಿ ಬಿಳಿಚಿತ್ತು.

"ಎಲ್ಲೂ ಇಲ್ಲ ದಾಗ್ನಿ. ಯಾರೂ ನೋಡಿಲ್ವಂತೆ."

"ಆಲ್ಗ್ರೆನ್ ಮನೇಲಿ ಕೇಳಿದ್ಯಾ?"

"ಮೊದಲು ಅಲ್ಲೇ ಹೋಗಿದ್ದು."

ನಾನು ಪೊಲೀಸರಿಗೆ ಫೋನ್ ಮಾಡಿದೆ. ಆಮೇಲೆ ಅಧ್ಯಕ್ಷರಿಗೆ ಹೇಳದಿದ್ದರೆ ತಪ್ಪಾಗುತ್ತದೆಂದು ಟೋರ್ಸ್ಟೆನ್‌ಗೂ ಮಾಡಿದೆ. ಅವನಿಗೆ ಹುಮ್ಮಸ್ಸು ಬಂದುಬಿಟ್ಟಿತು. ಎಂಟು ವರ್ಷ ಅಧ್ಯಕ್ಷನಾಗಿ ಬರೀ ಕಸದ ಡಬ್ಬಿಯ ಮುಚ್ಚಳದ ಬಗ್ಗೆ ಮಾತಾಡಿದವನಿಗೆ ಇಂಥ ಅವಕಾಶ ಸಿಕ್ಕಿರಲಿಲ್ಲ. ನಾನು ಅವನ ಮನೆಗೆ ಹೋಗುವಷ್ಟರಲ್ಲಿ ಹಾಲಿನಲ್ಲಿ ಜನ ಸೇರಿದ್ದರು, ಗೋಡೆಗೆ ನಕ್ಷೆ ಅಂಟಿತ್ತು. ಇಂಗಾ ದೊಡ್ಡ ಕೆಟಲಿನಲ್ಲಿ ಕಾಫಿ ಇಟ್ಟಿದ್ದಳು, ದಾಲ್ಚಿನ್ನಿ ಬನ್ನಿನ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ನಮ್ಮಲ್ಲಿ ಮಗುವಿಗೆ ಊಟ ಹಾಕುವುದು ತಪ್ಪು, ಸಭೆಗೆ ಕಾಫಿ ಹಾಕದಿರುವುದು ಮಹಾಪರಾಧ.

"ಎಲ್ಲರೂ ಒಟ್ಟಿಗೆ ಹೋಗೋದು ಬೇಡ," ಎಂದ ಟೋರ್ಸ್ಟೆನ್. "ಅರ್ಧ ಜನ ಕಾಡು, ಕೆರೆ ಹುಡುಕೋದು. ಇನ್ನರ್ಧ ಇಲ್ಲಿ ಮೈ ಕಾಯಿಸ್ಕೊಳ್ಳೋದು. ಆಮೇಲೆ ಅದಲುಬದಲು. ಯಾರದಾದ್ರೂ ವಿರೋಧ ಇದ್ಯಾ?"

ವಿರೋಧವಿರಲಿಲ್ಲ.

"ಮಕ್ಕಳನ್ನ ಏನಾದ್ರೂ ಕೇಳೋದಾ? ಪೆತ್ರಾನ ಯಾರಾದ್ರೂ ನೋಡಿರಬಹುದು," ಎಂದೆ ನಾನು.

"ಮಕ್ಕಳಿಗೆ ಆಘಾತ ಆಗುತ್ತೆ ದಾಗ್ನಿ," ಎಂದಳು ಇಂಗಾ. "ಯೆನ್ನಿ ಊಟ ಮುಗಿಸಿ ಲೂಸಿಯಾ ಹಬ್ಬದ ಹಾಡಿನ ತಾಲೀಮಿಗೆ ಚರ್ಚಿಗೆ ಹೋಗಿದಾಳೆ. ಅವಳಿಗೆ ಹೇಳೋದೇ ಬೇಡ."

ಮಕ್ಕಳನ್ನು ಕೇಳಬಾರದೆಂದು ಕೈ ಎತ್ತಿ ತೀರ್ಮಾನವಾಯಿತು. ನಾನೂ ಎತ್ತಿದೆ. ಒಬ್ಬಳೇ ಎತ್ತದೆ ಕೂರುವುದು ಹೇಗೆ?

ಫೋನಿನ ಹತ್ತಿರ ಯಾರಾದರೂ ಇರಲೇಬೇಕೆಂದು ಪೊಲೀಸರು ಗುನ್ವೋರಳನ್ನು ಮನೆಯಲ್ಲೇ ಕೂರಿಸಿದರು. ನಾನು ಜೊತೆಗೆ ಕೂತೆ. ಪೇದೆ ಫಾಲ್ಕ್ ಅನ್ನುವವನು ಬಂದ, ಮೀಸೆ ಈಗಷ್ಟೇ ಚಿಗುರುತ್ತಿದ್ದ ಹುಡುಗ. ಬರುವ ಮೊದಲು ಅವನು ಎದುರುಮನೆಯ ಬಾಗಿಲಲ್ಲಿ ಟೋರ್ಸ್ಟೆನ್ ಜೊತೆ ಬಹಳ ಹೊತ್ತು ತಲೆಯಾಡಿಸುತ್ತಾ ನಿಂತಿದ್ದನ್ನು ಕಿಟಕಿಯಿಂದ ನೋಡಿದ್ದೆ.

"ಮಗು ಯಾವ ಬಟ್ಟೆ ಹಾಕ್ಕೊಂಡಿತ್ತು?"

ಗುನ್ವೋರ್ ಮಗಳ ಹಾಸಿಗೆಯ ಕಡೆ ನೋಡಿದಳು. "ನಾನು ಹೋಗೋವಾಗ ಕತ್ತಲೆ ಇತ್ತು. ಮೊದಲ ಬಸ್ಸು ನಂದು. ಅವಳಿನ್ನೂ ಮಲಗಿದ್ಲು."

"ಅಂದ್ರೆ ಬೆಳಗ್ಗೆ ಮಗುವನ್ನ ನೋಡಿಲ್ಲ."

"ಹೊದಿಕೆ ಸರಿ ಮಾಡಿದೆ."

"ಹೊದಿಕೆ ಒಳಗೆ ಮಗು ಇತ್ತಾ?" ಅವನು ಮೆಲ್ಲಗೆ, ಬಹಳ ಮೃದುವಾಗಿ ಕೇಳಿದ. ಆ ಮೃದುತನ ನೋಡಿ ನನಗೆ ಮೈ ಉರಿಯಿತು. "ಅಪ್ಪನ ಹತ್ತಿರ ಕಳಿಸಿ ಮರೆತಿರಬಹುದಾ? ನೀವು ಈ ನಡುವೆ ತುಂಬಾ ದಣಿದಿದ್ದೀರಿ ಅಂತ ಕೇಳ್ಪಟ್ಟೆ. ಎದುರುಮನೆಯವರು ನಿಮ್ಮ ಬಗ್ಗೆ ಬಹಳ ಕಾಳಜಿ ಇಟ್ಟಿದಾರೆ."

ಗೋಥೆನ್‌ಬರ್ಗಿಗೆ ಫೋನ್ ಹೋಗಿತ್ತು. ಮಗು ಅಲ್ಲಿರಲಿಲ್ಲ. ಹೀಗೇ ಆಗುತ್ತೆ ಅಂತ ತನಗೆ ಗೊತ್ತಿತ್ತು ಎಂದು ರುನೆ ಫೋನಿನಲ್ಲಿ ಕೂಗಾಡಿ, ಬೆಳಗ್ಗೆಯೇ ಮಂಡಳಿಗೆ ಹೇಳುತ್ತೇನೆ ಎಂದನಂತೆ. ಆಮೇಲೆ ಫಾಲ್ಕ್ ಮನೆ ನೋಡಬಹುದೇ ಎಂದು ಕೇಳಿದ. ಕಪಾಟು, ಹಾಸಿಗೆಯ ಕೆಳಗೆ, ಸ್ನಾನದ ಮನೆ ನೋಡಿದ. ನೆಲಮಾಳಿಗೆಗೆ ಇಳಿದು, ದೊಡ್ಡ ಫ್ರೀಜರಿನ ಮುಂದೆ ನಿಂತು ನಮ್ಮತ್ತ ತಿರುಗಿದ.

"ತೆಗೀಬಹುದಾ?"

ಅವನು ಯಾಕೆ ಕೇಳುತ್ತಿದ್ದಾನೆಂದು ಗುನ್ವೋರಳಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದಾಗ ಅವಳು ಗೋಡೆ ಹಿಡಿದುಕೊಂಡಳು. ಫಾಲ್ಕ್ ಮುಚ್ಚಳ ಎತ್ತಿದ. ಒಳಗೆ ಅವಳೇ ಕಾಡಿನಲ್ಲಿ ಆರಿಸಿದ ಲಿಂಗನ್ ಹಣ್ಣು, ನಾಲ್ಕು ಮೀನು, ಒಂದು ರೊಟ್ಟಿ ಇದ್ದವು. ಅವನು ಮೀನನ್ನು ಸಹ ಸರಿಸಿ ನೋಡಿದ.

ಮೇಲೆ ಬಂದ ಮೇಲೆ ಗುನ್ವೋರ್ ಫೋನಿನ ಪಕ್ಕ ಕೂತು ತನ್ನ ಕೈಗಳನ್ನೇ ನೋಡತೊಡಗಿದಳು. ಫಾಲ್ಕ್ ಟೋರ್ಸ್ಟೆನ್ ಮನೆಗೆ ಹೋದ, ಅಲ್ಲಿ ಕಾಫಿ ಇತ್ತಲ್ಲ.

"ದಾಗ್ನಿ, ನಾನೇ ಏನಾದ್ರೂ ಮಾಡಿಬಿಟ್ಟಿದೀನಾ?"

"ಹುಚ್ಚು ಮಾತಾಡ್ಬೇಡ ಕಣೇ."

"ಅವತ್ತು ಬಸ್ಸಲ್ಲಿ ಅತ್ತಿದ್ದು ನನಗೆ ನೆನಪೇ ಇಲ್ಲ. ಜನ ಹೇಳಿದ್ಮೇಲೆ ಗೊತ್ತಾಗಿದ್ದು. ಇವತ್ತೂ ಹಾಗೇ ಏನಾದ್ರೂ... ಹೊದಿಕೆ ಒಳಗೆ ಕಾಲು ಇತ್ತು. ಇತ್ತು ಅಲ್ವಾ?"

ನನಗೆ ಹೆದರಿಕೆಯಾಯಿತು. ಇಡೀ ಬಡಾವಣೆ ಒಟ್ಟಾಗಿ ಒಬ್ಬಳನ್ನು ಹುಚ್ಚಿ ಅಂದರೆ ಅವಳು ಎಷ್ಟು ಹೊತ್ತು ತಡೆದಾಳು? ಅವಳ ಮನಸ್ಸು ಎಲ್ಲಾದರೂ ಒಂದು ಕಡೆ ಕಾಲೂರಲಿ ಎಂದು, ಸಂಜೆ ಏನೇನು ಮಾಡಿದೆ ಒಂದೊಂದೇ ಹೇಳು ಎಂದೆ.

"ಬಂದೆ. ಕೂಗಿದೆ. ಇರಲಿಲ್ಲ. ಎದುರುಮನೆಗೆ ಓಡಿದೆ."

"ಇಂಗಾನ ಏನಂತ ಕೇಳಿದೆ?"

"ಬಾಗಿಲು ತೆಗೆದ್ಲು. ಊಟಕ್ಕೆ ಕೂತಿದ್ದೀವಿ ಅಂದ್ಲು."

"ಅದು ಅವಳು ಅಂದಿದ್ದು. ನೀನು ಏನಂದೆ?"

ಗುನ್ವೋರ್ ತಲೆ ಎತ್ತಿದಳು. "ನಾನು... ಕ್ಷಮಿಸು, ತೊಂದ್ರೆ ಕೊಟ್ಟೆ ಅಂದೆ."

"ಆಮೇಲೆ?"

"ಆಮೇಲೆ ಪಕ್ಕದ ಮನೆಗೆ ಹೋದೆ. ದಾಗ್ನಿ, ನಾನು ಕೇಳಲೇ ಇಲ್ಲ. ಊಟದ ಹೊತ್ತಲ್ಲಿ ಬಂದುಬಿಟ್ಟೆನಲ್ಲ ಅಂತ ನಾಚಿಕೆ ಆಯ್ತು. ಮಗು ಇದಾಳಾ ಅಂತ ನಾನು ಕೇಳಲೇ ಇಲ್ಲ!"

ಅವಳು ಎದ್ದು ಹೊರಟ ರಭಸಕ್ಕೆ ಕುರ್ಚಿ ಬಿತ್ತು. ನಾನು ಹಿಂದೆಯೇ ಓಡಿದೆ. ಎದುರುಮನೆಗೆ ಅವಳು ಬೆಲ್ ಒತ್ತಲಿಲ್ಲ, ಬಾಗಿಲು ನೂಕಿದಳು. ಹೊಸಲಿನ ಒಳಗೆ ಹುಡುಕುವವರ ಬೂಟುಗಳ ರಾಶಿ. ಮಗು ಸಾಯುತ್ತಿರಲಿ, ಕೆರೆಗೆ ಬಿದ್ದಿರಲಿ, ನಾವು ಬೂಟು ಬಿಚ್ಚದೆ ಒಬ್ಬರ ಮನೆಯೊಳಗೆ ಕಾಲಿಡುವವರಲ್ಲ. ಗುನ್ವೋರ್ ಎರಡೂ ಕೈಯಿಂದ ಆ ಬೂಟುಗಳನ್ನು ಎತ್ತಿ ಎತ್ತಿ ಹಿಂದಕ್ಕೆ ಎಸೆದಳು. ಒಂದು ನನ್ನ ಮೊಣಕಾಲಿಗೆ ಬಡಿಯಿತು. ರಾಶಿಯ ತಳದಲ್ಲಿ ಪುಟ್ಟ ಕೆಂಪು ರಬ್ಬರ್ ಬೂಟಿನ ಜೋಡಿಯೊಂದಿತ್ತು. ಒಳಗೆ ಪೆತ್ರಾಳ ಹೆಸರಿನ ಮೊದಲಕ್ಷರಗಳನ್ನು ಗುನ್ವೋರಳೇ ದಾರದಿಂದ ಹೊಲಿದಿದ್ದಳು.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ನಾವು ಅದನ್ನು ಸಂಘದ ಮೂಲಕ, ನಕ್ಷೆ ಅಂಟಿಸಿ, ಸರದಿಯ ಪ್ರಕಾರ ಮಾಡಿದ್ದೆವು.

ಹಾಲಿನಲ್ಲಿ ಹತ್ತು ಹನ್ನೆರಡು ಮಂದಿ ಕಾಲುಚೀಲದಲ್ಲಿ ಕೂತು ಬನ್ನು ತಿನ್ನುತ್ತಿದ್ದರು. ಗುನ್ವೋರ್ ಕೆಸರಿನ ಬೂಟಿನಲ್ಲೇ ಇಂಗಾಳ ಬಿಳಿ ರತ್ನಗಂಬಳಿಯ ಮೇಲೆ ನಡೆದು ಹೋದಳು.

"ಗುನ್ವೋರ್! ಬೂಟು!" ಎಂದ ಟೋರ್ಸ್ಟೆನ್.

ಅವಳು ಯೆನ್ನಿಯ ರೂಮಿನ ಬಾಗಿಲು ತೆರೆದಳು. ಪೆತ್ರಾ ಬಾಗಿಲ ಹತ್ತಿರವೇ ನೆಲದ ಮೇಲೆ, ಮಡಿಲಲ್ಲಿ ಕೋಟು ಇಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅಮ್ಮನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು.

"ಶ್! ಅಮ್ಮಾ, ಅವರ ಊಟ ಇನ್ನೂ ಮುಗಿದಿಲ್ಲ. ತುಂಬಾ ಜನ ನೆಂಟರು ಬಂದಿದಾರೆ." ಆಮೇಲೆ ಪಿಸುಗುಟ್ಟಿದಳು, "ನಾನು ಈಚೆ ಬರಲೇ ಇಲ್ಲ. ಹಸಿವು ಅಂತಾನೂ ಅನ್ನಲಿಲ್ಲ. ಉಚ್ಚೆ ಬಂದ್ರೂ ತಡ್ಕೊಂಡೆ. ಜಾಣೆ ಅಲ್ವಾ ನಾನು?"

ಗುನ್ವೋರ್ ಅಲ್ಲೇ ಕುಸಿದು ಮಗುವನ್ನು ಅವಚಿಕೊಂಡಳು. ಅವಳ ಬಾಯಿಂದ ಬಂದ ಸದ್ದು ಎಂಥದೆಂದು ಹೇಳಲು ನನಗೆ ಬರುವುದಿಲ್ಲ. ನಾನೂ ಅತ್ತೆ, ಅಳದೆ ಏನು ಮಾಡಲಿ? ಆ ಪಾಠವನ್ನು ಅವಳಿಗೆ ಕಲಿಸಿದವಳು ನಾನು.

ಗುನ್ವೋರ್ ಮಗುವನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬಂದಾಗ ಹಾಲಿನಲ್ಲಿ ಎಲ್ಲರಿಗೂ ಮಾತು ಬಂದಿತ್ತು.

"ನಾನು ಕೆಲಸದಿಂದ ಬಂದಾಗಲೇ ಯೆನ್ನಿ ರೂಮಿನ ಬಾಗಿಲು ಹಾಕಿತ್ತು," ಎಂದಳು ಇಂಗಾ. "ಊಟಕ್ಕೆ ಬಾರೇ ಅಂತ ಕೂಗಿದೆ, ಬಂದ್ಲು. ಒಳಗೆ ಇನ್ನೊಬ್ಳು ಇದಾಳೆ ಅಂತ ನನಗೇನು ಕನಸು ಬೀಳುತ್ತಾ?"

"ಒಳ್ಳೇದೇ ಆಯ್ತಲ್ಲ," ಎಂದ ಟೋರ್ಸ್ಟೆನ್. "ಎಷ್ಟು ಶಿಸ್ತಿನ ಮಗು! ನಮ್ಮವರೆಲ್ಲ ನೋಡಿ ಕಲೀಬೇಕು. ಸರಿ ಗುನ್ವೋರ್, ಕರ್ಕೊಂಡು ಹೋಗು, ಹಸಿದಿರ್ತಾಳೆ. ಮನೇಲಿ ಅಡುಗೆ ಮಾಡಿಟ್ಟಿರ್ತೀಯಲ್ಲ." ಫಾಲ್ಕ್ ಕಡೆ ತಿರುಗಿ ದನಿ ತಗ್ಗಿಸಿದ. "ಆದ್ರೂ ತಾಯಿಗೆ ಮಗು ಎಲ್ಲಿದೆ ಅಂತಾನೇ ಗೊತ್ತಿರಲಿಲ್ಲ ಅನ್ನೋದನ್ನ ನೀವು ಮಂಡಳಿಗೆ ತಿಳಿಸಬೇಕಾಗುತ್ತೆ, ಅಲ್ವಾ?"

ಅದು ಗುನ್ವೋರಳಿಗೂ ಕೇಳಿಸಿತು. ಅವಳು ಪೆತ್ರಾಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಟೋರ್ಸ್ಟೆನ್ ಕೂರುವ ಕುರ್ಚಿಯಲ್ಲೇ ಕೂರಿಸಿದಳು. ಫ್ರಿಜ್ ತೆಗೆದು ಉಳಿದಿದ್ದ ಪ್ಯಾನ್‌ಕೇಕುಗಳನ್ನೆಲ್ಲ ತೆಗೆದಳು, ಬಾಣಲೆ ಇಟ್ಟಳು, ಬೆಣ್ಣೆ ಹಾಕಿದಳು. ಇಂಗಾಳ ಬಾಯಿ ತೆರೆದಂತೆಯೇ ಇತ್ತು.

"ಅದು ನಾಳೆಗೆ ಅಂತ..."

"ಅಮ್ಮಾ, ನಾನು ಇಲ್ಲಿ ತಿನ್ನಬಹುದಾ?" ಪೆತ್ರಾ ಗಾಬರಿಯಿಂದ ಕೇಳಿದಳು.

ಗುನ್ವೋರ್ ಬಾಣಲೆಯ ಕೈ ಹಿಡಿದುಕೊಂಡೇ ನಮ್ಮತ್ತ ತಿರುಗಿದಳು. ಬಸ್ಸಿನ ಕೊನೆಯ ಸೀಟಿಗೂ ಕೇಳುವ ದನಿ ಅವಳದು, ಅದನ್ನು ಅವಳು ಇಷ್ಟು ದಿನ ಅಡಗಿಸಿಟ್ಟಿದ್ದಳು.

"ನನ್ನ ಮಗಳು ಊಟಕ್ಕೆ ಕೂತಿದಾಳೆ. ನೀವೆಲ್ಲ ಆ ರೂಮಲ್ಲಿ ಕಾಯಿರಿ. ಬಾಗಿಲು ಹಾಕ್ಕೊಳ್ಳಿ."

ಯಾರಾದರೂ ನಗುತ್ತಾರೆ, ಯಾರಾದರೂ ವಿರೋಧಿಸುತ್ತಾರೆ ಅಂದುಕೊಂಡೆ. ಇಲ್ಲ. ಒಬ್ಬ ಕಪ್ಪು ಕೆಳಗಿಟ್ಟು ಎದ್ದ, ಅವನ ಹಿಂದೆ ಇನ್ನೊಬ್ಬಳು. ಆ ಸರದಿಯವರೆಲ್ಲ ಕಾಲುಚೀಲದಲ್ಲಿ ಸದ್ದಿಲ್ಲದೆ ಯೆನ್ನಿಯ ರೂಮಿಗೆ ಹೋದರು. ಟೋರ್ಸ್ಟೆನ್ ಹೋದ, ಇಂಗಾ ಹೋದಳು, ಪೊಲೀಸು ಹೋದ, ನಾನೂ ಹೋದೆ. ಊಟಕ್ಕೆ ಕೂತವರನ್ನು ತಡವಬಾರದು ಅನ್ನುವುದು ನಮ್ಮ ಮೂಳೆಯಲ್ಲೇ ಇದೆ. ಬಾಗಿಲು ಹಾಕಿಕೊಂಡೆವು.

ಗೊಂಬೆಗಳ ನಡುವೆ, ಪುಟ್ಟ ಮಂಚದ ಮೇಲೆ, ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತೆವು. ಬಾಗಿಲ ಸಂದಿನಿಂದ ಬೆಣ್ಣೆಯ ಘಮ ಬಂತು. ತಟ್ಟೆಗೆ ಫೋರ್ಕು ತಾಗುವ ಸದ್ದು, ಮಗುವಿನ ನಗು, ಗುನ್ವೋರ್ "ಇನ್ನೊಂದು ಹಾಕ್ಲಾ?" ಅನ್ನುವುದು, ಎಲ್ಲ ಸ್ಪಷ್ಟವಾಗಿ ಕೇಳಿಸಿತು. ಬನ್ನು ತಿಂದಿದ್ದ ನನಗೇ ಹೊಟ್ಟೆ ಚುರುಗುಟ್ಟಿತು. ಇಲ್ಲಿ ಕೂತು ಆ ಮಗು ಇದನ್ನೆಲ್ಲ ಕೇಳಿಸಿಕೊಂಡಿತ್ತು.

"ನೀವು ಮಂಡಳಿಗೆ ಬರೀತೀರಲ್ಲ..." ಟೋರ್ಸ್ಟೆನ್ ಪಿಸುಗುಟ್ಟಿದ.

"ಬರೀಬೇಕು ಅಂದ್ರೆ ಯಾವ ಮನೆ ಬಗ್ಗೆ ಬರೀಬೇಕು ಅಂತ ಯೋಚಿಸ್ತಿದ್ದೀನಿ," ಎಂದ ಫಾಲ್ಕ್. "ಮಗು ಹಸಿದು ಕೂತಿದ್ದು ನಿಮ್ಮ ಮನೇಲಿ. ತಾಯಿಗೆ ನರದ ತೊಂದರೆ ಅಂತ ನನ್ನ ತಲೆ ತುಂಬಿದ್ದೂ ನಿಮ್ಮ ಮನೇಲೇ." ಟೋರ್ಸ್ಟೆನ್ ಮತ್ತೆ ಆ ಮಾತೆತ್ತಲಿಲ್ಲ.

ಸದ್ದು ನಿಂತು ಬಹಳ ಹೊತ್ತಾಯಿತು. "ಮುಗಿದಿರಬಹುದಾ?" ಎಂದು ಒಬ್ಬರು ಕೇಳಿದರು. "ಕರೀಲಿಲ್ವಲ್ಲ," ಎಂದರು ಇನ್ನೊಬ್ಬರು. ಕರೆಯದೆ ಎದ್ದು ಹೋಗುವುದು ಸರಿಯಲ್ಲವೆಂದು ಕೂತೇ ಇದ್ದೆವು.

ಕೊನೆಗೆ ಬಾಗಿಲು ತೆರೆದದ್ದು ಯೆನ್ನಿ. ತಾಲೀಮಿನ ಬಿಳಿ ನಿಲುವಂಗಿಯಲ್ಲಿ, ತಲೆಗೆ ಜರತಾರಿ ಸುತ್ತಿಕೊಂಡು, ನಮ್ಮನ್ನೆಲ್ಲ ಕಣ್ಣರಳಿಸಿ ನೋಡಿದಳು.

"ಅಪ್ಪಾ, ನನ್ ರೂಮಲ್ಲಿ ಇಷ್ಟೊಂದು ಜನ ಏನ್ ಮಾಡ್ತಿದೀರಿ? ಪೆತ್ರಾ ಎಲ್ಲಿ? ಊಟ ಮಾಡ್ಕೊಂಡು ಬರ್ತೀನಿ, ಕಾಯ್ತಿರು ಅಂದಿದ್ದೆ. ತಾಲೀಮಿಗೆ ಲೇಟಾಯ್ತು ಅಂತ ಅಮ್ಮ ಹಾಗೇ ಕಾರಿಗೆ ಹತ್ತಿಸಿಬಿಟ್ಳು."

ಫಾಲ್ಕ್ ಹೇಳಿದ, "ಊಟ ಮಾಡಿ ಮನೆಗೆ ಹೋಗಿರ್ತಾಳೆ, ಪುಟ್ಟಿ."

"ಎಲ್ಲಿ ಊಟ ಮಾಡಿದ್ಲು?"

"ಇಲ್ಲೇ. ನಿಮ್ಮನೇಲಿ."

ಯೆನ್ನಿಯ ಮುಖ ಬಿಳಿಚಿಕೊಂಡಿತು. ಅವಳು ಇಂಗಾಳನ್ನು ನೋಡಿ, ಒಂದು ಹೆಜ್ಜೆ ಹಿಂದಕ್ಕೆ ಸರಿದು, ಗೆಳತಿಯ ಪರವಾಗಿ ಕೇಳಿದಳು.

"ಅಮ್ಮಾ, ನೀನು ಅವಳಿಗೆ ಬೈಯಲಿಲ್ಲ ತಾನೇ?"